ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತೆ: ದಾವಣಗೆರೆ, ಚಿತ್ರದುರ್ಗ ಕಡೆಯವರು ಏನು ಮಾಡ್ತೀರಿ?

ವಿದ್ಯಾನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ 70 ದಾಟಿದೆ. ದಾವಣಗೆರೆಯಲ್ಲೇ ನಮ್ಮ ಜೊತೆ ಇದ್ದಾರೆ. ಹಗಲೆಲ್ಲ ಚೆನ್ನಾಗಿ ಓಡಾಡಿಕೊಂಡಿರುತ್ತಾರೆ. ರಾತ್ರಿ ಎರಡೋ ಮೂರೋ ಗಂಟೆಗೆ ಇದ್ದಕ್ಕಿದ್ದಂತೆ ಮೀನಖಂಡ ಹಿಡಿದುಕೊಳ್ಳುತ್ತೆ. ಕೈಯಿಟ್ಟು ನೋಡಿದರೆ ಒಳಗೆ ಕಲ್ಲಿನ ಹಾಗೆ ಗಟ್ಟಿ ಗಂಟು. ಪಾದ ಕೆಳಮುಖವಾಗಿ ಸೆಟೆದುಕೊಂಡಿರುತ್ತೆ, ಹೆಬ್ಬೆರಳು ಪಕ್ಕದ ಬೆರಳಿನಿಂದ ದೂರ ಸರಿದು ನಿಂತಿರುತ್ತೆ. ಕೆಲವೇ ನಿಮಿಷದಲ್ಲಿ ಬಿಡುತ್ತೆ ನಿಜ. ಆದರೆ ಮಾರನೇ ದಿನ ಮಧ್ಯಾಹ್ನದವರೆಗೂ ನೋವು ಉಳಿದಿರುತ್ತೆ. ಈಗೀಗ ಹಾಸಿಗೆಗೆ ಹೋಗೋಕೇ ಹೆದರುತ್ತಾರೆ, ಪಾಪ.

ಬಿಪಿ, ಶುಗರ್ ಎರಡೂ ಇದೆ, ಮಾತ್ರೆ ನಡೀತಾ ಇದೆ. ಅಕ್ಕಪಕ್ಕದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಾಳೆಹಣ್ಣು ಕೊಡಿ, ಎಳನೀರು ಕೊಡಿ, ಕ್ಯಾಲ್ಸಿಯಂ ಕಮ್ಮಿ ಆಗಿದೆ, ನರ ವೀಕ್ ಆಗಿದೆ ಅಂತ. ಯಾವುದನ್ನು ನಂಬಬೇಕು? ಅನುಭವ ಇರುವವರು, ವೈದ್ಯಕೀಯ ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ ಮಿಲ್ಲಿನವ

ತಾಯಿ, ನಾನು ಇಲ್ಲಿನ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪಾಳಿ ಪೂರ್ತಿ ಸಿಮೆಂಟ್ ನೆಲದ ಮೇಲೆ ನಿಂತೇ ಇರಬೇಕಿತ್ತು. ರಾತ್ರಿ ಮನೆಗೆ ಬಂದು ಮಲಗಿದರೆ ನಮ್ಮಲ್ಲಿ ಸುಮಾರು ಜನಕ್ಕೆ ಇದೇ ಕಾಟ. ಆಗ ಹಿರಿಯರು ಹೇಳಿಕೊಟ್ಟಿದ್ದು ಒಂದೇ: ಹಿಡಿದ ಕೂಡಲೇ ಎದ್ದು ಆ ಕಾಲಿನ ಮೇಲೆ ಭಾರ ಹಾಕಿ ನಿಂತುಬಿಡಬೇಕು. ಹಿಮ್ಮಡಿ ನೆಲಕ್ಕೆ ಊರಬೇಕು. ನೋವಾಗುತ್ತೆ, ಆದರೂ ಊರಬೇಕು. ಬಿಡುತ್ತೆ. ನನಗೆ ಈಗಲೂ ಅದೇ ಔಷಧಿ.

ಪಿ.ಜೆ. ಬಡಾವಣೆ ಫಿಸಿಯೋ

ಮಿಲ್ಲಿನ ಅಜ್ಜ ಹೇಳಿದ್ದು ಸರಿಯಾಗಿಯೇ ಇದೆ. ಅದು ಯಾಕೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆ ಅಂತ ಗೊತ್ತಾದರೆ ನಡುರಾತ್ರಿ ಗಾಬರಿಯಲ್ಲೂ ನೆನಪಿರುತ್ತೆ.

ನಾವು ಅಂಗಾತ ಮಲಗಿದಾಗ ಪಾದ ತಾನಾಗಿಯೇ ಕೆಳಕ್ಕೆ ಬಾಗುತ್ತೆ. ಮೇಲೆ ಕೌದಿಯೋ ಕಂಬಳಿಯೋ ಇದ್ದರೆ ಅದರ ಭಾರಕ್ಕೆ ಇನ್ನೂ ಬಾಗುತ್ತೆ. ಹಾಗೆ ಬಾಗಿದಾಗ ಮೀನಖಂಡದ ಸ್ನಾಯು ಆಗಲೇ ಕುಗ್ಗಿ ಗಿಡ್ಡ ಆಗಿರುತ್ತೆ. ಆ ಸ್ಥಿತಿಯಲ್ಲಿ ಅದನ್ನು ನಡೆಸುವ ನರ ಸುಮ್ಮನಿರದೆ ಮತ್ತೆ ಮತ್ತೆ ಸಂದೇಶ ಕಳಿಸಿದರೆ, ಮೊದಲೇ ಕುಗ್ಗಿದ ಸ್ನಾಯು ಪೂರ್ತಿ ಬಿಗಿದುಕೊಳ್ಳುತ್ತೆ. ಅದೇ ಸೆಳೆತ. ಸ್ನಾಯುವನ್ನು ಉದ್ದಕ್ಕೆ ಎಳೆದರೆ ಆ ಸಂದೇಶ ತಣ್ಣಗಾಗುತ್ತೆ. ಅದಕ್ಕೇ ಹಿಮ್ಮಡಿ ಊರಿ ನಿಂತರೆ ಬಿಡೋದು.

ಎದ್ದು ನಿಲ್ಲೋಕೆ ಆಗದವರು ಮಲಗಿದಲ್ಲೇ ಮಾಡಬಹುದು. ಮೊಣಕಾಲು ನೇರ ಮಾಡಿ, ಪಾದದ ಬೆರಳುಗಳನ್ನು ಮುಖದ ಕಡೆಗೆ ಎಳೆಯಬೇಕು. ಕೈ ಎಟುಕದಿದ್ದರೆ ಜೊತೆಗಿರುವವರು ಪಾದದ ಮುಂಭಾಗವನ್ನು ಅಂಗೈಯಲ್ಲಿ ಹಿಡಿದು ನಿಧಾನವಾಗಿ ಮೇಲಕ್ಕೆ ಒತ್ತಲಿ. ಬರೀ ಬೆರಳನ್ನು ಹಿಡಿದು ಜಗ್ಗಬೇಡಿ, ಬೆರಳಿನ ಬುಡದ ದಪ್ಪ ಭಾಗವನ್ನು ಹಿಡಿಯಿರಿ. ಸೆಳೆತ ಬಿಟ್ಟ ಮೇಲೂ ತಕ್ಷಣ ಕೈ ತೆಗೆಯಬೇಡಿ, ಬೇಗ ಬಿಟ್ಟರೆ ಕೆಲವರಿಗೆ ಮತ್ತೆ ಹಿಡಿಯುತ್ತೆ. ಆಮೇಲೆ ಮೀನಖಂಡವನ್ನು ಮೆಲ್ಲಗೆ ನೀವಿ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಯಾವುದಾದರೂ ಸರಿ. ಕೆಲಸ ಮಾಡೋದು ಕೈ, ಎಣ್ಣೆ ಅಲ್ಲ.

ಒಂದು ಎಚ್ಚರಿಕೆ. ವಯಸ್ಸಾದವರು ನೋವಿಗೆ ಗಾಬರಿಯಾಗಿ ಕತ್ತಲಲ್ಲಿ ಮಂಚದಿಂದ ಧಡಕ್ಕನೆ ಇಳಿದು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಅದು ಸೆಳೆತಕ್ಕಿಂತ ದೊಡ್ಡ ಕಷ್ಟ. ಅತ್ತೆಯವರ ಕೋಣೆಯಲ್ಲಿ ರಾತ್ರಿ ಸಣ್ಣ ದೀಪ ಇರಲಿ. ಹಿಡಿದುಕೊಳ್ಳೋಕೆ ಮಂಚದ ಪಕ್ಕ ಗಟ್ಟಿಯಾಗಿ ಏನಾದರೂ ಇರಲಿ.

ಮಂಡಕ್ಕಿ ಭಟ್ಟಿ ಹುಡುಗ

ನಮ್ಮ ಅಪ್ಪಾಜಿಗೆ ರಾತ್ರಿ ಎರಡೂ ಕಾಲು, ಒಂದೊಂದು ಸಲ ಹೊಟ್ಟೆ ಕೂಡ ಹಿಡ್ಕೊಳ್ಳುತ್ತೆ. ಭಟ್ಟಿ ಮುಂದೆ ಮರಳು ಕಾಯಿಸಿ ಮಂಡಕ್ಕಿ ಹುರಿಯೋ ಕೆಲಸ. ಬೇಸಿಗೇಲಿ ಜಾಸ್ತಿ. ನೀರು ಕುಡೀತಾನೇ ಇರ್ತಾರೆ, ಆದ್ರೂ ಹಿಡಿಯುತ್ತೆ. ಇದೂ ಅದೇನಾ?

ಪಿ.ಜೆ. ಬಡಾವಣೆ ಫಿಸಿಯೋ

ತಮ್ಮಾ, ಇದು ಬೇರೆ ಥರ. ಬೆಂಕಿ ಮುಂದೆ ದುಡಿಯುವವರ ಮೈಯಿಂದ ಬೆವರಿನ ಜೊತೆ ಉಪ್ಪೂ ಹೋಗುತ್ತೆ. ಬರೀ ನೀರು ಕುಡಿದರೆ ನೀರು ತುಂಬುತ್ತೆ, ಉಪ್ಪು ತುಂಬೋದಿಲ್ಲ. ಹಾಗಾಗಿ ಕಾಲು, ತೊಡೆ, ಹೊಟ್ಟೆ, ಕೈ ಎಲ್ಲಿ ಬೇಕಾದರೂ ಹಿಡಿಯಬಹುದು. ನಿಮ್ಮ ತಂದೆಗೆ ಬಿಪಿ, ಕಿಡ್ನಿ, ಹೃದಯದ ತೊಂದರೆ ಇಲ್ಲದಿದ್ದರೆ ಕೆಲಸದ ನಡುವೆ ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಜಾಸ್ತಿ ಬೆವರಿದ ದಿನ ಓಆರ್‌ಎಸ್ ಕೊಡಿ. 1 ಲೀಟರ್ ಅಂತ ಬರೆದಿರುವ ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೇ ಕಲಸಿ, ಅರ್ಧ ಲೋಟಕ್ಕೆ ಸುರಿದು ಕುಡಿಸಬೇಡಿ. ಭಟ್ಟಿ ಮುಂದೆ ತಲೆಸುತ್ತು, ವಾಂತಿ, ಮಾತು ತಡವರಿಸುವುದು ಕಂಡರೆ ಅದು ಬಿಸಿಲಿನ ಹೊಡೆತದ ಹಾದಿ. ಆಗ ಮಜ್ಜಿಗೆ ಅಂತ ಕಾಯಬೇಡಿ. ನೆರಳಿಗೆ ತಂದು ಮೈ ತಣ್ಣಗೆ ಮಾಡುತ್ತಾ 108ಕ್ಕೆ ಫೋನ್ ಮಾಡಿ.

ಆದರೆ ಮನೆಯಲ್ಲಿ ಫ್ಯಾನ್ ಕೆಳಗೆ ಇರುವ 70 ವರ್ಷದ ಅಮ್ಮನವರಿಗೆ ಇದೇ ಲೆಕ್ಕ ಹಾಕಿ ಉಪ್ಪು ತಿನ್ನಿಸಬಾರದು. ಅವರ ಸೆಳೆತಕ್ಕೂ ಭಟ್ಟಿಯವರ ಸೆಳೆತಕ್ಕೂ ಹೆಸರು ಒಂದೇ ಆದರೂ ದಾರಿ ಬೇರೆ.

ಹರಿಹರ ಮೆಡಿಕಲ್ಸ್

ನಾನು ಔಷಧಿ ಅಂಗಡಿಯವನು. ವಿದ್ಯಾನಗರದ ಅಕ್ಕಾ, ಬಾಳೆಹಣ್ಣು, ಎಳನೀರಿಗಿಂತ ಮೊದಲು ಅತ್ತೆಯವರ ಮಾತ್ರೆಗಳ ಪಟ್ಟಿ ಹಾಕಿ. ಕಂಪನಿ ಹೆಸರು ಬೇಡ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಲ್ಲ, ಆ ಔಷಧಿ ಹೆಸರು ಬೇಕು.

ವಿದ್ಯಾನಗರದ ಸೊಸೆ

ಡಬ್ಬಿ ಸುರಿದು ನೋಡಿದೆ ಅಣ್ಣ. ಮೆಟ್ಫಾರ್ಮಿನ್, ಅಟೋರ್ವಾಸ್ಟಾಟಿನ್, ಆಮೇಲೆ ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಅಂತಿದೆ. ಇದರ ಹೆಸರಿನ ಕೊನೆಯಲ್ಲಿ ಎಚ್ ಇದೆ.

ಹರಿಹರ ಮೆಡಿಕಲ್ಸ್

ಆ ಎಚ್ ಅಂದರೆ ಹೈಡ್ರೋಕ್ಲೋರೋಥಯಜೈಡ್. ಮೂತ್ರ ಜಾಸ್ತಿ ಹೋಗಿಸುವ ಔಷಧಿ, ನಮ್ಮ ಕಡೆ ಜನ ನೀರಿನ ಮಾತ್ರೆ ಅಂತಾರೆ. ಒಳ್ಳೇ ಔಷಧಿಯೇ, ಬಿಪಿಗೆ ತುಂಬ ಜನಕ್ಕೆ ಬರೆಯುತ್ತಾರೆ. ಆದರೆ ವಯಸ್ಸಾದವರಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿಸಬಹುದು. ಹೀಗೆ ಮೂತ್ರ ಹೋಗಿಸುವ ಮಾತ್ರೆಗಳು, ಕೊಲೆಸ್ಟ್ರಾಲಿನ ಸ್ಟಾಟಿನ್, ಉಬ್ಬಸಕ್ಕೆ ಎಳೆದುಕೊಳ್ಳುವ ಕೆಲವು ಇನ್ಹೇಲರ್, ಈ ಮೂರಕ್ಕೂ ರಾತ್ರಿ ಸೆಳೆತಕ್ಕೂ ನಂಟಿದೆ ಅಂತ ಕೆನಡಾದ ಬ್ರಿಟಿಷ್ ಕೊಲಂಬಿಯಾದ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2012ರಲ್ಲಿ ಬಂದಿತ್ತು. ಅದರಲ್ಲಿ ಸ್ಟಾಟಿನ್ ನಂಟು ಸಣ್ಣದು, ಉಳಿದೆರಡರದ್ದು ಜಾಸ್ತಿ.

ಕೈ ಮುಗಿದು ಹೇಳ್ತೀನಿ, ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಬಿಪಿ ಮಾತ್ರೆ ನಿಲ್ಲಿಸಿ ಲಕ್ವ ಹೊಡೆಸಿಕೊಂಡವರನ್ನು ನೋಡಿದ್ದೇನೆ. ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರ್‌ನಲ್ಲಿ ಹಾಕಿಕೊಂಡು, ಬರೆದುಕೊಟ್ಟ ಡಾಕ್ಟರ ಮುಂದೆ ಇಟ್ಟು, "ರಾತ್ರಿ ಕಾಲು ಹಿಡಿಯುತ್ತೆ, ಈ ಮಾತ್ರೆಗಳಲ್ಲಿ ಯಾವುದಾದರೂ ಕಾರಣ ಇರಬಹುದಾ" ಅಂತ ನೇರವಾಗಿ ಕೇಳಿ. ಸೆಳೆತ ಯಾವಾಗ ಶುರುವಾಯಿತು, ಮಾತ್ರೆ ಯಾವಾಗ ಶುರುವಾಯಿತು, ಎರಡನ್ನೂ ಹೇಳಿ. ಸೋಡಿಯಂ, ಪೊಟ್ಯಾಸಿಯಂ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್, ಥೈರಾಯ್ಡ್ ಪರೀಕ್ಷೆ ಬೇಕಾ ಅಂತ ಅವರೇ ನಿರ್ಧರಿಸುತ್ತಾರೆ.

ಚಳ್ಳಕೆರೆ ಬಿಸಿಲು

ಪರೀಕ್ಷೆ ಗಿರೀಕ್ಷೆ ಯಾಕ್ರೀ. ದಿನಾ ಎರಡು ಎಳನೀರು, ಎರಡು ಪಚ್ಚಬಾಳೆ ಕೊಡಿ ಸಾಕು. ಪೊಟ್ಯಾಸಿಯಂ ಎಲ್ಲಾ ಅದರಲ್ಲೇ ಇದೆ.

ಜಿಲ್ಲಾಸ್ಪತ್ರೆ ದಾದಿ, ದುರ್ಗ

ಅಣ್ಣಾ, ಪ್ರೀತಿಯಿಂದಲೇ ಹೇಳಿದ್ದೀರಿ, ಗೊತ್ತು. ಆದರೆ ಈ ಮಾತಿಗೆ ನಾನು ಅಡ್ಡ ಬರಲೇಬೇಕು. ನಾನು ಡಯಾಲಿಸಿಸ್ ವಾರ್ಡಿನಲ್ಲಿ ಕೆಲಸ ಮಾಡಿದವಳು. ಕಿಡ್ನಿ ಸೋತವರ ಮೈಯಿಂದ ಪೊಟ್ಯಾಸಿಯಂ ಹೊರಗೆ ಹೋಗೋದಿಲ್ಲ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ನಿಲ್ಲಬಹುದು. ಅಂಥವರಿಗೆ ಎಳನೀರು, ಬಾಳೆಹಣ್ಣು ಅಮೃತ ಅಲ್ಲ. ನಮ್ಮಲ್ಲಿ ಎಷ್ಟೋ ಶುಗರ್ ಇರುವವರಿಗೆ ಕಿಡ್ನಿ ಸೋಲ್ತಾ ಇರೋದು ಗೊತ್ತೇ ಇರೋದಿಲ್ಲ. ಅದೂ ಅಲ್ಲದೆ ಟೆಲ್ಮಿಸಾರ್ಟನ್ ಜಾತಿಯ ಮಾತ್ರೆಗಳು ತಾವಾಗಿಯೇ ಪೊಟ್ಯಾಸಿಯಂ ಸ್ವಲ್ಪ ಏರಿಸುತ್ತವೆ. ಈ ಅಕ್ಕನ ಅತ್ತೆಗೆ ಶುಗರ್ ಇದೆ, ಆ ಮಾತ್ರೆಯೂ ಇದೆ. ಜೊತೆಗಿರುವ ಎಚ್ ಪೊಟ್ಯಾಸಿಯಂ ಇಳಿಸುತ್ತೆ. ಹಾಗಾಗಿ ರಕ್ತ ಪರೀಕ್ಷೆ ಮಾಡದೆ ಅವರಿಗೆ ಅದು ಜಾಸ್ತಿ ಇದೆಯೋ ಕಮ್ಮಿ ಇದೆಯೋ ಯಾರಿಗೂ ಹೇಳೋಕೆ ಆಗೋದಿಲ್ಲ. ಆರೋಗ್ಯವಾಗಿ ಇರುವವರು ಒಂದು ಬಾಳೆಹಣ್ಣು ತಿಂದರೆ ಏನೂ ತೊಂದರೆ ಇಲ್ಲ, ಖುಷಿಯಾಗಿ ತಿನ್ನಲಿ. ಆದರೆ ಅದು ಸೆಳೆತಕ್ಕೆ ಮದ್ದು ಅನ್ನೋಕೆ ಗಟ್ಟಿ ಆಧಾರ ಇಲ್ಲ.

ಇನ್ನೊಂದು ಮಾತು. ಶುಗರ್ ಇರುವವರ ಕಾಲಿಗೆ ಬಿಸಿ ಮರಳಿನ ಗಂಟು, ಕುದಿಯುವ ನೀರಿನ ಬ್ಯಾಗು, ಇಟ್ಟಿಗೆ ಕಾಯಿಸಿ ಇಡೋದು ಬೇಡವೇ ಬೇಡ. ಪಾದದಲ್ಲಿ ಸ್ಪರ್ಶ ಕಡಿಮೆ ಆಗಿರುತ್ತೆ, ಸುಟ್ಟರೂ ಗೊತ್ತಾಗೋದಿಲ್ಲ. ಬೆಳಗ್ಗೆ ನೋಡಿದರೆ ಬೊಬ್ಬೆ. ಆ ಹುಣ್ಣು ವಾಸಿಯಾಗೋಕೆ ತಿಂಗಳುಗಟ್ಟಲೆ. ಬಿಸಿ ಬೇಕೇ ಬೇಕು ಅಂದರೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಸಾಕು. ಅದನ್ನೂ ಮೊದಲು ನಿಮ್ಮ ಕೈಗೆ ಮುಟ್ಟಿಸಿಕೊಂಡು ನೋಡಿ.

ಚಳ್ಳಕೆರೆ ಬಿಸಿಲು

ಕಿಡ್ನಿ ವಿಷಯ ನನಗೆ ಗೊತ್ತಿರಲಿಲ್ಲ ತಂಗಿ. ತಿಳಿಸಿದ್ದು ಒಳ್ಳೇದಾಯ್ತು. ನಮ್ಮ ಮಾವನವರಿಗೆ ಕಿಡ್ನಿ ಮಾತ್ರೆ ನಡೀತಿದೆ, ಮನೆಯಲ್ಲಿ ಈಗಲೇ ಹೇಳ್ತೀನಿ.

ಮಗ್ಗದ ಮನೆ, ಮೊಳಕಾಲ್ಮೂರು

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ದಿನವಿಡೀ ಹಲಗೆ ತುಳಿಯಬೇಕು. ಪಾದದ ಮುಂಭಾಗವೇ ಕೆಲಸ ಮಾಡೋದು. ಸೀರೆ ಮುಗಿಸೋ ಗಡಿಬಿಡಿ ಇರುವ ದಿನ ರಾತ್ರಿ ಬಲಗಾಲು ಗ್ಯಾರಂಟಿ ಹಿಡಿಯುತ್ತೆ. ಬರುವ ಮೊದಲೇ ತಡೆಯೋಕೆ ಏನಾದರೂ ಇದೆಯಾ?

ಪಿ.ಜೆ. ಬಡಾವಣೆ ಫಿಸಿಯೋ

ಇದೆ. ನನ್ನನ್ನು ಕೇಳಿದರೆ ಈ ಚರ್ಚೆಯಲ್ಲಿ ಎಲ್ಲರೂ ಹಿಡಿದುಕೊಳ್ಳಬೇಕಾದ್ದು ಇದೊಂದೇ. ಮಲಗುವ ಮುಂಚೆ ಕಾಲಿನ ಹಿಂಭಾಗವನ್ನು ಎಳೆದು ಸಡಿಲ ಮಾಡುವುದು. ಕಾಸು ಖರ್ಚಿಲ್ಲ, ಯಾವ ಮಾತ್ರೆ ಜೊತೆಗೂ ಜಗಳ ಇಲ್ಲ.

ನೆದರ್ಲೆಂಡ್ಸ್‌ನಲ್ಲಿ 55 ದಾಟಿದ 80 ಜನರ ಮೇಲೆ ಇದನ್ನು ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದರು. ಅರ್ಧ ಜನ 6 ವಾರ ಪ್ರತಿ ರಾತ್ರಿ ಮಲಗುವ ಮುಂಚೆ ಮೀನಖಂಡ ಮತ್ತು ತೊಡೆಯ ಹಿಂದಿನ ಸ್ನಾಯು ಎಳೆದರು, ಉಳಿದವರು ಎಳೆಯಲಿಲ್ಲ. ಎಳೆದವರಿಗೆ ಸೆಳೆತ ಬರುವುದು ರಾತ್ರಿಗೆ ಸುಮಾರು ಒಂದು ಸಲ ಕಡಿಮೆಯಾಯಿತು, ನೋವಿನ ಜೋರೂ ಸ್ವಲ್ಪ ಇಳಿಯಿತು. ಸಣ್ಣ ಅಧ್ಯಯನ, ಒಪ್ಪುತ್ತೇನೆ. ಎಲ್ಲ ಅಧ್ಯಯನಗಳಲ್ಲೂ ಇಷ್ಟು ಒಳ್ಳೇ ಫಲ ಬಂದಿಲ್ಲ. ಆದರೆ ನನ್ನ ಹತ್ತಿರ ಬರುವವರಲ್ಲಿ ಬಿಡದೆ ಮಾಡಿದವರು ನಿದ್ದೆ ಬರ್ತಿದೆ ಅಂತಲೇ ಹೇಳುತ್ತಾರೆ.

ಮಗ್ಗದವರೇ, ನೀವು ಹೀಗೆ ಮಾಡಿ. ಗೋಡೆಗೆ ಮುಖ ಮಾಡಿ ಒಂದು ಮಾರು ದೂರ ಬೇಡ, ಕೈ ಚಾಚಿದರೆ ಗೋಡೆ ಸಿಗುವಷ್ಟು ದೂರ ನಿಲ್ಲಿ. ಎರಡೂ ಅಂಗೈ ಗೋಡೆಗೆ. ಬಲಗಾಲು ಹಿಂದೆ, ಎಡಗಾಲು ಮುಂದೆ. ಹಿಂದಿನ ಕಾಲಿನ ಮೊಣಕಾಲು ನೇರ, ಹಿಮ್ಮಡಿ ನೆಲ ಬಿಡಬಾರದು, ಪಾದದ ಬೆರಳು ಗೋಡೆಯ ಕಡೆಗೇ ಇರಬೇಕು. ಈಗ ಮುಂದಿನ ಮೊಣಕಾಲು ಬಗ್ಗಿಸುತ್ತಾ ಮೈಯನ್ನು ಗೋಡೆ ಕಡೆ ಒರಗಿಸಿ. ಹಿಂದಿನ ಕಾಲಿನ ಮೀನಖಂಡದಲ್ಲಿ ಬಿಗಿತ ಗೊತ್ತಾಗುತ್ತೆ. ಬಿಗಿತ ಇರಬೇಕು, ನೋವು ಬರಬಾರದು. ಅಲ್ಲೇ ನಿಂತು ನಿಧಾನವಾಗಿ 20 ಎಣಿಸಿ. ಉಸಿರು ಬಿಗಿ ಹಿಡಿಯಬೇಡಿ, ಕುಲುಕಬೇಡಿ. ಒಂದೊಂದು ಕಾಲಿಗೆ ಮೂರು ಸಲ. ಹಿಮ್ಮಡಿ ಏಳುತ್ತಿದೆ ಅಂದರೆ ದೂರ ಜಾಸ್ತಿ ಆಯ್ತು, ಸ್ವಲ್ಪ ಮುಂದೆ ಬನ್ನಿ. ತುಂಬ ಜನ ತಪ್ಪೋದು ಇಲ್ಲೇ.

ನಿಮಗೆ ರಾತ್ರಿಯದ್ದು ಸಾಲದು. ಮಗ್ಗದಿಂದ ನಡುನಡುವೆ ಮೇಲಕ್ಕೆ ಬಂದು, ಗೋಡೆ ಹಿಡಿದು ಇದನ್ನೇ ಮಾಡಿ, ಸ್ವಲ್ಪ ಹಿಮ್ಮಡಿ ಮೇಲೆ ನಡೆಯಿರಿ.

ವಿದ್ಯಾನಗರದ ಮೇಡಂ, ನಿಮ್ಮ ಅತ್ತೆಯವರಿಗೆ ನಿಂತು ಮಾಡೋದು ಬೇಡ. ಮಂಚದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂರಿಸಿ, ಒಂದು ಕಾಲು ಉದ್ದಕ್ಕೆ ಚಾಚಲಿ. ಉದ್ದನೆಯ ಟವೆಲ್ಲನ್ನು ಪಾದದ ಮುಂಭಾಗಕ್ಕೆ ಸುತ್ತಿ ಎರಡೂ ತುದಿ ಅವರ ಕೈಗೇ ಕೊಡಿ. ಮೊಣಕಾಲು ಮಡಚದೆ ಟವೆಲ್ ಅನ್ನು ತಮ್ಮ ಕಡೆಗೆ ಎಳೆದುಕೊಳ್ಳಲಿ. ಅವರೇ ಎಳೆಯಲಿ, ನೀವು ಎಳೆಯಬೇಡಿ. ಎಷ್ಟು ಎಳೆದರೆ ಸಾಕು ಅಂತ ಅವರ ಕಾಲಿಗೇ ಗೊತ್ತಾಗೋದು. ಇನ್ನು ಹೊದಿಕೆ. ಕಾಲ ಕಡೆ ಹಾಸಿಗೆ ಕೆಳಗೆ ಬಿಗಿಯಾಗಿ ಸಿಗಿಸಬೇಡಿ, ಸಡಿಲ ಬಿಡಿ.

ಹೊಸದುರ್ಗದ ತವರುಮನೆ

ನನಗೆ ಈಗ ಏಳು ತಿಂಗಳು. ತವರಿಗೆ ಬಂದಿದ್ದೇನೆ. ಬೆಳಗಿನ ಜಾವ ಮೈ ಮುರಿಯುವಾಗ ಕಾಲು ಚಾಚಿದರೆ ಸಾಕು, ಹಿಡಿದುಕೊಳ್ಳುತ್ತೆ. ಅಮ್ಮ, ಮಗುವಿಗೆ ಕ್ಯಾಲ್ಸಿಯಂ ಹೋಗ್ತಿದೆ ಅಂತಾರೆ. ಮಗುವಿಗೆ ಏನೂ ತೊಂದರೆ ಇಲ್ಲ ಅಲ್ವಾ?

ಜಿಲ್ಲಾಸ್ಪತ್ರೆ ದಾದಿ, ದುರ್ಗ

ತಂಗಿ, ಹೆದರಬೇಡ. ಬಸುರಿನ ಕೊನೆಯ ತಿಂಗಳುಗಳಲ್ಲಿ ಇದು ತುಂಬ ಮಾಮೂಲು. ಸೆಳೆತದಿಂದ ಮಗುವಿಗೆ ಏನೂ ಆಗೋದಿಲ್ಲ. ಮೈ ಮುರಿಯುವಾಗ ಪಾದವನ್ನು ಕೆಳಕ್ಕೆ ಚಾಚಬೇಡ, ಹಿಮ್ಮಡಿಯನ್ನು ಮುಂದಕ್ಕೆ ನೂಕಿ ಬೆರಳನ್ನು ಮುಖದ ಕಡೆ ಮಾಡಿ ಮೈ ಮುರಿ. ಇದೊಂದು ಅಭ್ಯಾಸದಿಂದಲೇ ಎಷ್ಟೋ ಜನಕ್ಕೆ ಕಡಿಮೆಯಾಗಿದೆ.

ಆಶಾ ಕಾರ್ಯಕರ್ತೆ ಕೊಟ್ಟಿರೋ ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡ. ಸರ್ಕಾರದ ಕ್ರಮದಲ್ಲಿ 14 ವಾರ ದಾಟಿದ ಮೇಲೆ ದಿನಕ್ಕೆ ಎರಡು, ಒಂದೊಂದು 500 ಮಿಲಿಗ್ರಾಂ. ಕಬ್ಬಿಣದ ಮಾತ್ರೆ ಜೊತೆಗೆ ಒಂದೇ ಹೊತ್ತಿಗೆ ನುಂಗಬೇಡ, ಒಂದು ಇನ್ನೊಂದನ್ನು ಮೈಗೆ ಹತ್ತೋಕೆ ಬಿಡೋದಿಲ್ಲ. ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ಅದರಿಂದ ಎರಡು ಗಂಟೆ ಬಿಟ್ಟು. ಇದು ನಿನಗೂ ಮಗುವಿಗೂ ಬೇಕಾದ ಮಾತ್ರೆ. ಸೆಳೆತ ನಿಂತೇ ನಿಲ್ಲುತ್ತೆ ಅಂತ ಮಾತ್ರ ಲೆಕ್ಕ ಹಾಕಬೇಡ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡ. ಒಂದೇ ಕಾಲು ಊದಿಕೊಂಡು, ಮುಟ್ಟಿದರೆ ಬಿಸಿ, ಕೆಂಪಗೆ, ನೋವು ಬಿಡದೆ ಹಗಲೂ ಇದೆ ಅಂದರೆ ಅದು ಸೆಳೆತ ಅಲ್ಲ, ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಬಸುರಿಯರಲ್ಲಿ, ಬಾಣಂತಿಯರಲ್ಲಿ ಇದರ ಅಪಾಯ ಜಾಸ್ತಿ. ಅಂಥ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಲೇಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಎದೆನೋವು, ಉಸಿರು ಕಟ್ಟುವುದು ಇದ್ದರೆ ಕೂಡಲೇ 108. ಇದು ಎಲ್ಲರಿಗೂ ಹೇಳ್ತಿದ್ದೇನೆ, ಬಸುರಿಯರಿಗೆ ಮಾತ್ರ ಅಲ್ಲ. ಕಾಲು ಮುರಿದು ಪಟ್ಟಿ ಹಾಕಿಸಿಕೊಂಡವರು, ಆಪರೇಷನ್ ಆಗಿ ಮಲಗಿದವರು, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರು ಕೂಡ ನೆನಪಿಡಿ.

ಹೊಸದುರ್ಗದ ತವರುಮನೆ

ಎರಡೂ ಕಾಲು ಒಂದೇ ಥರ ಇದೆ ಅಕ್ಕ. ಮಾತ್ರೆ ಎರಡನ್ನೂ ಒಟ್ಟಿಗೇ ನುಂಗ್ತಿದ್ದೆ, ಇವತ್ತಿನಿಂದ ಬೇರೆ ಮಾಡ್ತೀನಿ.

ಹೊಳಲ್ಕೆರೆ ಮೇಷ್ಟ್ರು

ನನ್ನ ಹೆಂಡತಿಗೆ ಗಂಟು ಕಟ್ಟೋದಿಲ್ಲ. ಸಂಜೆ ಆದ ಮೇಲೆ ಕಾಲೊಳಗೆ ಏನೋ ಹರಿದಂತಾಗುತ್ತೆ, ಸುಮ್ನೆ ಇಡೋಕೆ ಆಗಲ್ಲ, ಆಡಿಸ್ತಾನೇ ಇರಬೇಕು ಅಂತಾಳೆ. ಎದ್ದು ನಡೆದರೆ ಸರಿ, ಮಲಗಿದರೆ ಮತ್ತೆ ಶುರು. ಇದಕ್ಕೂ ಟವೆಲ್ ಎಳೆದರೆ ಆಗುತ್ತಾ?

ಪಿ.ಜೆ. ಬಡಾವಣೆ ಫಿಸಿಯೋ

ಸರ್, ಇದು ಸೆಳೆತ ಅಲ್ಲ ಅನ್ನಿಸುತ್ತೆ. ರೆಸ್ಟ್‌ಲೆಸ್ ಲೆಗ್ಸ್ ಅಂತ ಬೇರೆ ತೊಂದರೆ ಇದೆ, ನೀವು ಹೇಳಿದ್ದು ಅದಕ್ಕೆ ಸರಿಯಾಗಿ ಹೊಂದುತ್ತೆ. ಸೆಳೆತದಲ್ಲಿ ಗಂಟು ಕಟ್ಟುತ್ತೆ, ನೋವು ಚುಚ್ಚುತ್ತೆ, ಸ್ನಾಯು ಎಳೆದರೆ ಬಿಡುತ್ತೆ. ಇದರಲ್ಲಿ ಗಂಟು ಇಲ್ಲ, ಕಾಲು ಆಡಿಸಬೇಕು ಅನ್ನೋ ತಡೆಯಲಾಗದ ತುಡಿತ. ಎಷ್ಟೋ ಜನರಲ್ಲಿ ಕಬ್ಬಿಣದ ಅಂಶ ಕಡಿಮೆ ಇರೋದು ಇದಕ್ಕೆ ಕಾರಣ. ಹಿಮೋಗ್ಲೋಬಿನ್ ಸರಿ ಇದ್ದರೂ ಮೈಯೊಳಗಿನ ಕಬ್ಬಿಣದ ದಾಸ್ತಾನು ಖಾಲಿ ಇರಬಹುದು, ಅದಕ್ಕೆ ಫೆರಿಟಿನ್ ಪರೀಕ್ಷೆ ಮಾಡಿಸಬೇಕು. ಇದಕ್ಕೆ ಒಳ್ಳೇ ಚಿಕಿತ್ಸೆ ಇದೆ, ಸುಮ್ನೆ ಸಹಿಸಿಕೊಂಡು ಕೂರಬೇಡಿ. ಸಂಜೆ ಕಾಫಿ, ಟೀ ಬಿಟ್ಟು ನೋಡಲಿ.

ಇನ್ನೂ ಒಂದು ಜಾತಿ ಇದೆ. ನಡೆಯುವಾಗ ಮೀನಖಂಡ ಹಿಡಿದು, ನಿಂತರೆ ಬಿಡುತ್ತೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತೆ. ಬೀಡಿ, ಸಿಗರೇಟು ಸೇದುವವರಲ್ಲಿ, ಶುಗರ್ ಇರುವವರಲ್ಲಿ ಹೀಗಾದರೆ ಕಾಲಿಗೆ ಹೋಗುವ ರಕ್ತನಾಳ ಕಿರಿದಾಗಿದೆಯಾ ಅಂತ ನೋಡಿಸಬೇಕು.

ಗದ್ದೆ ಬದು, ಹೊನ್ನಾಳಿ

ನಾಟಿ ಟೈಮಲ್ಲಿ ಕೆಸರಲ್ಲಿ ಬಗ್ಗಿ ನಿಂತ ಹೆಂಗಸರಿಗೆ ರಾತ್ರಿ ಕಾಲು ಹಿಡಿಯದ ದಿನವೇ ಇಲ್ಲ. ನಮ್ಮ ಮನೆಯಲ್ಲೂ ಅದೇ. ಅಂಗಡಿಯಲ್ಲಿ ಮೆಗ್ನೀಸಿಯಂ ಅಂತ ದುಬಾರಿ ಡಬ್ಬಿ ಕೊಟ್ಟರು. ಕೆಲಸ ಮಾಡುತ್ತಾ?

ಹರಿಹರ ಮೆಡಿಕಲ್ಸ್

ನಾನು ಮಾರುವವನೇ, ಆದರೂ ಇದ್ದದ್ದು ಹೇಳ್ತೀನಿ. ಮೆಗ್ನೀಸಿಯಂ ಬಗ್ಗೆ ಆಗಿರುವ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ಕಾಕ್ರೇನ್ ಸಂಸ್ಥೆಯವರು 2020ರಲ್ಲಿ ಪರಿಶೀಲಿಸಿದ್ದಾರೆ. ವಯಸ್ಸಾದವರ ಸೆಳೆತಕ್ಕೆ ಹೇಳಿಕೊಳ್ಳುವಂಥ ಉಪಯೋಗ ಆಗುವ ಸಾಧ್ಯತೆ ಇಲ್ಲ ಅಂತ ತೀರ್ಮಾನ. ಬಸುರಿಯರ ವಿಷಯದಲ್ಲಿ ಒಂದೊಂದು ಅಧ್ಯಯನ ಒಂದೊಂದು ಹೇಳುತ್ತೆ. ಜಾಸ್ತಿ ತಿಂದರೆ ಭೇದಿ ಆಗುತ್ತೆ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಪರೀಕ್ಷೆಯಲ್ಲಿ ಮೆಗ್ನೀಸಿಯಂ ಕಡಿಮೆ ಅಂತ ಬಂದವರ ಮಾತು ಬೇರೆ.

ಇನ್ನು ಹಳಬರು ಕೆಲವರು ಕ್ವಿನೈನ್ ಕೇಳಿಕೊಂಡು ಬರುತ್ತಾರೆ. ಮಲೇರಿಯಾ ಔಷಧಿ ಅದು. ಸೆಳೆತ ಸ್ವಲ್ಪ ಕಡಿಮೆ ಮಾಡುತ್ತೆ ನಿಜ, ಆದರೆ ಕೆಲವರಲ್ಲಿ ರಕ್ತದ ಪ್ಲೇಟ್‌ಲೆಟ್ ಕುಸಿದು ಪ್ರಾಣಕ್ಕೇ ಬರುತ್ತೆ, ಹೃದಯದ ಬಡಿತ ತಪ್ಪುತ್ತೆ. ಅಮೆರಿಕದ ಔಷಧಿ ಇಲಾಖೆ 1994ರಲ್ಲೇ ಸೆಳೆತಕ್ಕೆ ಚೀಟಿ ಇಲ್ಲದೆ ಅದನ್ನು ಮಾರೋದನ್ನು ನಿಲ್ಲಿಸಿತು, 2006ರಲ್ಲಿ ಮತ್ತೆ ಎಚ್ಚರಿಕೆ ಕೊಟ್ಟಿತು. ಕಾಲು ಸೆಳೆತಕ್ಕೆ ಅಂತ ನಾನಂತೂ ಕೊಡೋದಿಲ್ಲ.

ಹೊಸದು ಅಂದರೆ ವಿಟಮಿನ್ ಕೆ2. ಚೀನಾದಲ್ಲಿ 65 ದಾಟಿದ 199 ಜನರ ಮೇಲೆ 8 ವಾರ ಪರೀಕ್ಷಿಸಿ, 2024ರಲ್ಲಿ ಒಳ್ಳೇ ಫಲ ಬಂತು ಅಂತ ಪ್ರಕಟಿಸಿದರು. ಒಂದೇ ಅಧ್ಯಯನ, ಇನ್ನೂ ಬೇರೆಯವರು ಮಾಡಿ ನೋಡಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿಟ್ರೋಮ್ ತಿನ್ನುವವರು ಇದನ್ನು ಕೇಳದೆ ತಗೊಂಡರೆ ಆ ಮಾತ್ರೆಯ ಕೆಲಸ ಕೆಡುತ್ತೆ. ಹೃದಯದ ಕವಾಟದ ಆಪರೇಷನ್ ಆದವರು ಮುಖ್ಯವಾಗಿ ಗಮನಿಸಿ.

ಗದ್ದೆ ಕೆಲಸದ ಹೆಂಗಸರಿಗೆ ಆ ಡಬ್ಬಿಯ ದುಡ್ಡಿನಲ್ಲಿ ಹೊಟ್ಟೆ ತುಂಬ ಊಟ, ಬದುವಿನ ಮೇಲೆ ಕೂತು ಸುಧಾರಿಸಿಕೊಳ್ಳೋಕೆ ಸ್ವಲ್ಪ ಹೊತ್ತು, ಕುಡಿಯೋಕೆ ಮಜ್ಜಿಗೆ ಕೊಟ್ಟರೆ ಅದು ದೊಡ್ಡ ಉಪಕಾರ. ಕೆಲಸದ ಜಾಗದಲ್ಲಿ ಶೌಚಕ್ಕೆ ಅನುಕೂಲ ಇಲ್ಲ ಅಂತ ಎಷ್ಟೋ ಹೆಂಗಸರು ನೀರೇ ಕುಡಿಯೋದಿಲ್ಲ. ಇದನ್ನು ಗಂಡಸರು ಯೋಚನೆ ಮಾಡಬೇಕು.

ಗದ್ದೆ ಬದು, ಹೊನ್ನಾಳಿ

ನೀರಿನ ಮಾತು ನಿಜ ಅಣ್ಣ. ಮನೆಯಲ್ಲಿ ಕೇಳಿದೆ, ಅದೇ ಕಾರಣ ಹೇಳಿದರು.

ಹಿರಿಯೂರು ಬೋರ್‌ವೆಲ್

ನಮ್ಮ ಜಿಲ್ಲೆ ನೀರಲ್ಲಿ ಫ್ಲೋರೈಡ್ ಅಂತಾರಲ್ಲ, ಅದರಿಂದ ಇರಬಹುದಾ?

ಜಿಲ್ಲಾಸ್ಪತ್ರೆ ದಾದಿ, ದುರ್ಗ

ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ ಇರೋದು ನಿಜ. ಅದು ಹಲ್ಲು, ಮೂಳೆ, ಕೀಲುಗಳನ್ನು ಕೆಡಿಸುತ್ತೆ. ಬೆನ್ನು, ಕುತ್ತಿಗೆ ಬಿಗಿಯಾಗಿ ಬಗ್ಗೋಕೆ ಆಗದೆ ಇರೋದು, ಕೀಲು ನೋವು, ಕಾಲಲ್ಲಿ ಶಕ್ತಿ ಕುಂದುವುದು ಇದ್ದರೆ ಡಾಕ್ಟರಿಗೆ ತೋರಿಸಿ, ಯಾವ ನೀರು ಕುಡೀತೀರಿ ಅಂತಲೂ ಹೇಳಿ. ರಾತ್ರಿ ಮಾತ್ರ ಬಂದು, ಎಳೆದರೆ ಬಿಡುವ ಸೆಳೆತವನ್ನು ಫ್ಲೋರೈಡ್ ತಲೆಗೆ ಕಟ್ಟೋದು ಸರಿಯಲ್ಲ. ಕುಡಿಯೋಕೆ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ, ಅದು ಹೇಗೂ ಬೇಕು.

ವಿದ್ಯಾನಗರದ ಸೊಸೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಕೆಲವು ವಾರ ಕಳೆದ ಮೇಲೆ ಬರೀತಿದ್ದೇನೆ. ಮಾತ್ರೆಗಳ ಕವರ್ ತಗೊಂಡು ಡಾಕ್ಟರ ಹತ್ತಿರ ಹೋದೆವು. ರಕ್ತ ಪರೀಕ್ಷೆಯಲ್ಲಿ ಸೋಡಿಯಂ ಕಡಿಮೆ ಬಂತು, ಕಿಡ್ನಿ ಸದ್ಯಕ್ಕೆ ಪರವಾಗಿಲ್ಲ ಅಂದರು. ಎಚ್ ಇರೋ ಬಿಪಿ ಮಾತ್ರೆ ಬದಲಿಸಿದರು, ಬಿಪಿ ಮತ್ತೆ ಮತ್ತೆ ನೋಡಿಸೋಕೆ ಹೇಳಿದ್ದಾರೆ. ಕೊಲೆಸ್ಟ್ರಾಲ್ ಮಾತ್ರೆ ಹಾಗೇ ಮುಂದುವರಿಸಿ ಅಂದರು.

ಟವೆಲ್ ಎಳೆಯೋದನ್ನು ಅತ್ತೆ ಧಾರಾವಾಹಿ ನೋಡುತ್ತಾ ಮಾಡುತ್ತಾರೆ. ಜಾಹೀರಾತು ಬಂದರೆ ಕಾಲು ಬದಲಾಯಿಸುತ್ತಾರೆ! ಸೆಳೆತ ಪೂರ್ತಿ ನಿಂತಿಲ್ಲ. ಬರೋದು ಕಡಿಮೆ ಆಗಿದೆ, ಬಂದರೂ ತಾವೇ ಪಾದ ಮೇಲೆತ್ತಿಕೊಂಡು ಬಿಡಿಸಿಕೊಳ್ಳುತ್ತಾರೆ, ನನ್ನನ್ನು ಎಬ್ಬಿಸೋದಿಲ್ಲ. ಮಾತ್ರೆ ಬದಲಾಗಿದ್ದಕ್ಕೋ ಟವೆಲ್‌ಗೋ ಹೇಳೋಕೆ ಬರೋದಿಲ್ಲ. ಎರಡನ್ನೂ ಬಿಡೋದಿಲ್ಲ.

ರಾತ್ರಿ ಬಸ್ಸಿನವ

ತಡವಾಗಿ ಓದಿದೆ. ನಾನು ಬಸ್ ಡ್ರೈವರ್, ದಾವಣಗೆರೆ ಬೆಂಗಳೂರು ರಾತ್ರಿ ರೂಟ್. ಬಲಗಾಲು ಆಕ್ಸಿಲರೇಟರ್ ಮೇಲೇ ಇರುತ್ತೆ. ಓಡಿಸುವಾಗಲೇ ಹಿಡಿದರೆ ಏನು ಮಾಡಬೇಕು ಮೇಡಂ? ಗೋಡೆ ಎಲ್ಲಿ ಹುಡುಕೋದು?

ಪಿ.ಜೆ. ಬಡಾವಣೆ ಫಿಸಿಯೋ

ಸರ್, ಹಿಡಿಯೋ ಸೂಚನೆ ಸಿಕ್ಕ ಕೂಡಲೇ ಇಂಡಿಕೇಟರ್ ಹಾಕಿ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ. ಸಹಿಸಿಕೊಂಡು ಓಡಿಸಬೇಡಿ, ಬ್ರೇಕ್ ಒತ್ತೋಕೂ ಅದೇ ಕಾಲು ಬೇಕು. ಕೆಳಗಿಳಿದು ಬಸ್ಸಿನ ಪಕ್ಕವನ್ನೇ ಗೋಡೆ ಮಾಡಿಕೊಳ್ಳಿ, ರಸ್ತೆ ಕಡೆ ಅಲ್ಲ, ಆ ಕಡೆ. ಬಲಗಾಲು ಹಿಂದಿಟ್ಟು ಹಿಮ್ಮಡಿ ಊರಿ ಒರಗಿ. ಹಿರಿಯೂರಿನಲ್ಲೋ ಶಿರಾದಲ್ಲೋ ಟೀಗೆ ನಿಲ್ಲಿಸಿದಾಗ ಹಿಡಿಯದಿದ್ದರೂ ಮಾಡಿ. ಸೀಟ್ ತುಂಬ ಹಿಂದಿದ್ದರೆ ಪೆಡಲ್ ಮುಟ್ಟೋಕೆ ಪಾದ ಚಾಚಬೇಕಾಗುತ್ತೆ, ಅದನ್ನೂ ಒಂಚೂರು ಮುಂದೆ ಸರಿಸಿಕೊಳ್ಳಿ.

ರಾತ್ರಿ ಬಸ್ಸಿನವ

ಸೀಟ್ ಹಿಂದೆಯೇ ಇದೆ ಮೇಡಂ, ನನಗಿಂತ ಎತ್ತರದವರು ಹಗಲು ಓಡಿಸ್ತಾರೆ. ಇವತ್ತು ಡಿಪೋದಲ್ಲೇ ಸರಿ ಮಾಡಿಸಿಕೊಂಡು ಹೊರಡ್ತೀನಿ.